ಕುರಿಯ ಕಿವಿ ಮತ್ತು ನನ್ನ ಒಂಬತ್ತು ಅಂಕ

ಕಾನ್ವೆಂಟಿನಲ್ಲಿ ಓದಿದ ಸೊಸೆ ಎಂದರೆ ಊರಿನವರ ಕಣ್ಣಿಗೆ ಇಂಗ್ಲಿಷ್ ಬರುವ ಸೊಸೆ, ಅತ್ತೆಮನೆಯವರ ಕಣ್ಣಿಗೆ ರೊಟ್ಟಿ ತಟ್ಟಲು ಬಾರದ ಸೊಸೆ. ಎರಡೂ ಅರ್ಧ ಸತ್ಯ. ರೊಟ್ಟಿಯನ್ನು ನಾನು ಮದುವೆಯಾದ ಎರಡನೆಯ ವರ್ಷಕ್ಕೇ ಕಲಿತೆ. ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ಎಂಬುದು ಮಾತ್ರ ಹದಿನೇಳು ವರ್ಷ ತೀರ್ಮಾನವಾಗದೆ ಉಳಿದಿತ್ತು. ಯಾರೂ ಪರೀಕ್ಷಿಸಿರಲಿಲ್ಲ, ಅಷ್ಟೆ. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಅದು ಮೊದಲು ನಮ್ಮ ಪಡಸಾಲೆಗೆ ಬರುತ್ತಿತ್ತು. ವಿಮೆಯ ಕಾಗದ, ಬ್ಯಾಂಕಿನ ಕಾಗದ, ಹೊಸ ಮಿಕ್ಸಿಯ ಡಬ್ಬಿಯಲ್ಲಿ ಮಡಿಸಿಟ್ಟ ಸಣ್ಣ ಪುಸ್ತಕ, ಎಲ್ಲವೂ. ನಾನು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಓದಿ, ತಂದವರ ಮುಖವನ್ನೂ ಒಮ್ಮೆ ಓದಿ, ‘ಗಾಬರಿ ಪಡುವಂಥದ್ದೇನೂ ಇಲ್ಲ’ ಎನ್ನುತ್ತಿದ್ದೆ. ಅವರು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಆ ಕಾಗದಗಳಲ್ಲಿ ನಿಜವಾಗಿ ಏನು ಬರೆದಿತ್ತೋ ಎಂದು ಈಗ ನೆನೆದರೆ ನನಗೇ ಗಾಬರಿಯಾಗುತ್ತದೆ.

ಮಗಳು ನಿವೇದಿತಾ ಎಂಟನೆಯ ತರಗತಿಗೆ ಬಂದು ತನ್ನ ಜಡೆಯನ್ನು ತಾನೇ ಹಾಕಿಕೊಳ್ಳಲು ಕಲಿತ ವರ್ಷ ಬೆಳಿಗ್ಗೆ ಹತ್ತು ಗಂಟೆಯ ನಂತರ ನನ್ನ ಕೈ ಖಾಲಿಯಾಯಿತು. ಮದುವೆಗೆ ಮುಂಚೆ ಮಾಡಿದ್ದ ಡಿ.ಎಡ್. ಪ್ರಮಾಣಪತ್ರ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಅದನ್ನು ಎಬ್ಬಿಸಿಕೊಂಡು ಓಣಿಯ ಕೊನೆಯಲ್ಲಿರುವ ಶಾಲೆಗೆ ಹೋದೆ. ಅಲ್ಲಿಯ ಕಾರ್ಯದರ್ಶಿಗಳು ಪ್ರಮಾಣಪತ್ರಕ್ಕೆ ಹತ್ತಿದ್ದ ನುಸಿಗುಳಿಗೆಯ ವಾಸನೆಗೆ ಒಮ್ಮೆ ಸೀನಿ, “ಮೇಡಂ, ಅರ್ಹತಾ ಪರೀಕ್ಷೆ ಒಂದು ಪಾಸ್ ಮಾಡ್ಕೊಂಡು ಬರ್ರಿ, ಮೂರನೇ ಕ್ಲಾಸು ನಿಮಗ ಬಿಟ್ಟುಕೊಡತೀವಿ” ಅಂದರು. ನೂರೈವತ್ತಕ್ಕೆ ತೊಂಬತ್ತು ಬಂದರೆ ಪಾಸು. ಗಣಿತ ನನಗೆ ಹೆದರಿಕೆ, ಮಕ್ಕಳ ಮನೋವಿಜ್ಞಾನ ಮರೆತುಹೋಗಿತ್ತು, ಆದರೆ ಇಂಗ್ಲಿಷ್ ಇದೆಯಲ್ಲ ಎಂಬ ಧೈರ್ಯ. ಅದರಲ್ಲೂ ಗದ್ಯಭಾಗ ಕೊಟ್ಟು, ಓದಿಕೊಂಡು ಕೆಳಗಿನ ಪ್ರಶ್ನೆಗಳಿಗೆ ನಾಲ್ಕರಲ್ಲಿ ಒಂದು ಉತ್ತರ ಆರಿಸಿ ಎನ್ನುವ ಹದಿನೈದು ಅಂಕಗಳು ನನ್ನ ತವರಿನ ಆಸ್ತಿ ಎಂದೇ ತಿಳಿದಿದ್ದೆ.

ಮೊದಲ ವರ್ಷ ನಾಲ್ಕು ಅಂಕದಲ್ಲಿ ಹೋಯಿತು. ಎರಡನೆಯ ವರ್ಷ ಮೂರು ಅಂಕದಲ್ಲಿ. ಹೆದರಿದ್ದ ಗಣಿತ ಕೈಹಿಡಿದಿತ್ತು. ತವರಿನ ಆಸ್ತಿಯೇ ಕೈಕೊಟ್ಟಿತ್ತು. ಎರಡು ಸಲವೂ ಗದ್ಯಭಾಗದಲ್ಲಿ ಹದಿನೈದಕ್ಕೆ ಒಂಬತ್ತು! ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತರೂ ಒಂಬತ್ತು. ತಿದ್ದುವವಳು ನಿವೇದಿತಾ. ತನ್ನ ಟೀಚರಿನ ಹಾಗೆ ಕೆಂಪು ಪೆನ್ನಿನ ತುದಿ ಕಚ್ಚಿಕೊಂಡು ಎಣಿಸಿ, “ಮಮ್ಮಿ, ಮತ್ತ ಒಂಬತ್ತು” ಎಂದು ಕಾಗದದ ಮೂಲೆಯಲ್ಲಿ ಗುಂಡಗೆ ಸುತ್ತು ಹಾಕುತ್ತಿದ್ದಳು. ಪಾಪ, ತಾಯಿಗೆ ಬೇಸರವಾಗಬಾರದೆಂದು ಪಕ್ಕದಲ್ಲಿ ಒಂದು ಹೂವನ್ನೂ ಬರೆಯುತ್ತಿದ್ದಳು.

ಒಂಬತ್ತನ್ನು ಹತ್ತು ಮಾಡಲು ನಾನು ಮಾಡದ ಉಪಾಯವಿಲ್ಲ. ಕಷ್ಟದ ಇಂಗ್ಲಿಷ್ ಪದಗಳನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಅಂಟಿಸಿದೆ. ಅತ್ತೆಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಾದ್ದರಿಂದ ಅವು ಬೇಳೆಕಾಳಿನ ಹೆಸರೆಂದೇ ನಂಬಿ, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದರು. ‘ದುರಾಸೆ’ ಎಂಬ ಅರ್ಥದ ಪದ ತೊಗರಿಬೇಳೆಯ ಡಬ್ಬಿಯ ಮೇಲೆ ಇವತ್ತಿಗೂ ಇದೆ. ಇಂಗ್ಲಿಷ್ ಪತ್ರಿಕೆ ತರಿಸಿದೆ. ಬೆಳಿಗ್ಗೆ ನೆನೆಸಿದ ಬಾದಾಮಿ ತಿಂದೆ. ಒಂದು ಸೋಮವಾರ ಎಲ್ಲರೂ ಬಾಗಳಿಯ ಗುಡಿಗೆ ಹೋದಾಗ ಕಲ್ಲೇಶ್ವರನ ಮುಂದೆ ಕಣ್ಣು ಮುಚ್ಚಿ ಬೇಡಿಕೊಂಡೆ. ಹೊರಗೆ ಬರುತ್ತ, “ಏನು ಕೇಳಿಕೊಂಡೆವ್ವ?” ಎಂದರು ಅತ್ತೆ. “ಹತ್ತು ಕೊಡಪ್ಪ ಅಂದೀನ್ರಿ ಅತ್ತಿ.” “ಅಷ್ಟು ದೂರ ಬಂದು ಹತ್ತ? ಹದಿನೈದು ಕೇಳಬೇಕಿಲ್ಲೋ” ಎಂದು ಅವರು ನನ್ನ ಸಲುವಾಗಿ ಇನ್ನೊಂದು ಪ್ರದಕ್ಷಿಣೆ ಹಾಕಿ ಬಂದರು. ಮಂಗಳವಾರದ ಅಭ್ಯಾಸದಲ್ಲಿ ಬಂದದ್ದು ಒಂಬತ್ತು.

ಶಾಲೆಯ ಕಾರ್ಯದರ್ಶಿಗಳು ಈ ಸಲ ಸ್ವಲ್ಪ ಸಂಕೋಚದಿಂದಲೇ ಹೇಳಿ ಕಳಿಸಿದ್ದರು: “ಬರೋ ಜೂನ್ ತನಕ ನೋಡತೀವ್ರಿ. ಆಮೇಲೆ ಬ್ಯಾರೆಯವರನ್ನ ತಗೋಬೇಕಾಗತೈತಿ.” ನಾನೂ ಮನಸ್ಸಿನಲ್ಲಿ ಗೆರೆ ಎಳೆದುಕೊಂಡೆ. ಮೂರನೆಯ ಸಲವೂ ಆಗದಿದ್ದರೆ ಪ್ರಮಾಣಪತ್ರ ಮತ್ತೆ ಸೀರೆಗಳ ಕೆಳಗೆ ಹೋಗಲಿ, ನಾನು ಮತ್ತೆ ಮಿಕ್ಸಿಯ ಪುಸ್ತಕ ಓದುತ್ತೇನೆ.

ಈಗ ನನ್ನ ಕಾಯಿಲೆಯ ಮೂಲಕ್ಕೆ ಬರಬೇಕು. ಅದಕ್ಕೆ ನಮ್ಮ ಅತ್ತೆಯವರ ಮಾತಿನ ವಿಷಯ ಸ್ವಲ್ಪ ಹೇಳಲೇಬೇಕು. ಅವರು ಒಳ್ಳೆಯವರು, ಒಂದು ದಿನವೂ ನನಗೆ ಏರುದನಿಯಲ್ಲಿ ಮಾತಾಡಿದವರಲ್ಲ. ಆದರೆ ಹೇಳಬೇಕಾದ್ದನ್ನು ನೇರವಾಗಿ ಹೇಳಿದವರೂ ಅಲ್ಲ. “ಇವತ್ತು ಬಿಸಿಲು ಬಾಳ ಐತಿ ನೋಡು” ಎಂದರೆ ಮೆಣಸಿನಕಾಯಿ ಮಾಳಿಗೆಗೆ ಹೋಗಬೇಕು. “ಎದುರುಮನಿ ಸೊಸಿ ತವರಿಗೆ ಹೋಗಿ ಎಂಟು ದಿನ ಆತಂತ” ಎಂದರೆ ನಾನು ನನ್ನ ತವರು ಕೂಡ್ಲಿಗಿಗೆ ಹೋದರೆ ನಾಲ್ಕನೆಯ ದಿನ ಬರಬೇಕು. ಪೇಟೆಗೆ ಹೊರಟಾಗ “ನನಗೇನೂ ಬ್ಯಾಡವ್ವ” ಎಂದರೆ ಮೋಸಂಬಿ ತರಬೇಕು. ಊಟಕ್ಕೆ ಕೂತಾಗಿನ “ಸಾಕು” ಎಂಬುದಂತೂ ಒಂದು ಶಾಸ್ತ್ರವೇ. ಮೊದಲನೆಯ ಸಾಕು ಮರ್ಯಾದೆಗೆ, ಎರಡನೆಯದು ಅಡುಗೆ ಮಾಡಿದವಳ ಪ್ರೀತಿ ಎಷ್ಟಿದೆ ಎಂದು ನೋಡುವುದಕ್ಕೆ. ತಟ್ಟೆಯ ಮೇಲೆ ಅಂಗೈ ಅಡ್ಡ ಬಂದರೆ ಮಾತ್ರ ಅದು ನಿಜವಾದ ಸಾಕು. ಹದಿನೇಳು ವರ್ಷ ಈ ವಿದ್ಯಾಪೀಠದಲ್ಲಿ ಕಲಿತು ನಾನು ಹೇಳದ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಪಂಡಿತಳಾಗಿದ್ದೆ. ಇದರ ಜೊತೆಗೆ ಕಾನ್ವೆಂಟಿನ ಸಂಸ್ಕಾರ ಬೇರೆ. ಹೊಸಪೇಟೆಯಲ್ಲಿ ಹಾಸ್ಟೆಲಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಸಿಸ್ಟರ್ ಯಾವ ಪಾಠ ಮುಗಿದರೂ ‘ಇದರಿಂದ ನಾವು ಕಲಿಯುವುದೇನು?’ ಎಂದು ಕೇಳುತ್ತಿದ್ದರು. ದಯೆ, ತ್ಯಾಗ, ಕ್ಷಮೆ, ಈ ಮೂರರಲ್ಲಿ ಯಾವುದನ್ನು ಹೇಳಿದರೂ ಬೆನ್ನು ತಟ್ಟುತ್ತಿದ್ದರು. ಹೀಗಾಗಿ ನಾಲ್ಕು ಉತ್ತರಗಳಲ್ಲಿ ಕಣ್ಣೀರು ತರಿಸುವಂಥದ್ದು ಒಂದಿದ್ದರೆ ನನ್ನ ಪೆನ್ಸಿಲ್ ತಾನಾಗಿಯೇ ಅತ್ತ ವಾಲುತ್ತಿತ್ತು.

ಇದು ಕಾಯಿಲೆ ಎಂದು ಗೊತ್ತಾದದ್ದು ಮೈಲವ್ವನಿಂದ. ಚಿಗಟೇರಿಯ ಕಡೆಯಿಂದ ಪ್ರತಿ ಸೋಮವಾರ ನಮಗೆ ಬೆಣ್ಣೆ ತರುವ ಹೆಂಗಸು ಆಕೆ. ಮನೆತುಂಬ ಕುರಿ, ಎರಡು ಎಮ್ಮೆ. ಅಕ್ಷರ ಬಾರದು. ನಮ್ಮಲ್ಲಿ ಚಹಾ ಕುಡಿದು, ಬಸ್ಸಿಗೆ ಹೊತ್ತಾಗುವವರೆಗೆ ಪಡಸಾಲೆಯಲ್ಲಿ ಕೂತು ಹೋಗುವುದು ರೂಢಿ. ಆ ದಿನ ಶಾಲೆಗೆ ರಜೆ. ನಿವೇದಿತಾ ಆಗಷ್ಟೇ ಒಂಬತ್ತು ಬರೆದು ಸುತ್ತು ಹಾಕಿದ್ದಳು. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಾನು ಗೋಡೆಗೊರಗಿ ಕೂತಿದ್ದೆ.

“ಯಾಕ್ರಿ ಅಕ್ಕಾರ, ಮುಖ ಸಣ್ಣದಾಗೈತಿ?” ಎಂದಳು ಮೈಲವ್ವ.

“ಒಬ್ಬ ಮುದುಕ ಯಾಕ ಉಣ್ಣಲಿಲ್ಲ ಅಂತ ಕೇಳ್ಯಾರ ಮೈಲವ್ವ. ನಾ ಬರದದ್ದು ತಪ್ಪಂತ.”

“ಯಾವ ಮುದುಕ್ರಿ? ಯಾವೂರವ?”

ಗದ್ಯಭಾಗವನ್ನು ಕನ್ನಡದಲ್ಲಿ ಹೇಳಿದೆ. ಒಬ್ಬ ಮುದುಕ ಸಂತೆಯಲ್ಲಿ ತನ್ನ ಎತ್ತು ಮಾರಿ, ಮಳೆಯಲ್ಲಿ ನೆನೆದುಕೊಂಡು ಸಂಜೆ ಮನೆಗೆ ಬರುತ್ತಾನೆ. ಖಾಲಿ ಹಗ್ಗವನ್ನು ಗೂಟಕ್ಕೆ ಸಿಗಿಸುತ್ತಾನೆ. ಹೆಂಡತಿ ಒಲೆಯ ಮುಂದೆ ಕೂತು ಊದುತ್ತಿದ್ದಾಳೆ. ಕಟ್ಟಿಗೆ ಹಸಿ, ಒಲೆ ಹತ್ತಿಲ್ಲ. ಮುದುಕ ಒಂದು ಚೊಂಬು ನೀರು ಕುಡಿದು ಮಲಗುತ್ತಾನೆ. ಅವನು ಏಕೆ ಊಟ ಮಾಡಲಿಲ್ಲ? ಎತ್ತು ಮಾರಿದ ದುಃಖಕ್ಕೆ, ಮೈಯಲ್ಲಿ ಹುಷಾರಿಲ್ಲದ್ದಕ್ಕೆ, ಹೆಂಡತಿಯ ಮೇಲಿನ ಸಿಟ್ಟಿಗೆ, ಅಡುಗೆ ಆಗಿರಲಿಲ್ಲವಾದ್ದಕ್ಕೆ. ನಾಲ್ಕರಲ್ಲಿ ಒಂದು.

ಅತ್ತೆ ಮೊರ ಕೆಳಗಿಟ್ಟರು. “ಅದನ್ನ ಕೇಳೋದು ಬ್ಯಾರೆ ಬೇಕೇನು? ಸಾಕಿದ ಎತ್ತು ಮಾರಿ ಬಂದಾನ. ಗಂಟಲಾಗ ತುತ್ತು ಇಳಿತೈತೇನು? ಸಂಕಟ ಆಗಿರತೈತಿ, ಪಾಪ.”

“ನಾನೂ ಅದನ್ನ ಬರದೀನ್ರಿ ಅತ್ತಿ!”

ಮದುವೆಯಾದಂದಿನಿಂದ ನಾನೂ ಅತ್ತೆಯೂ ಒಂದು ವಿಷಯದಲ್ಲಿ ಇಷ್ಟು ಸಂಪೂರ್ಣವಾಗಿ ಒಪ್ಪಿದ್ದು ಅದೇ ಮೊದಲು. ಇಬ್ಬರ ಕಣ್ಣೂ ಸ್ವಲ್ಪ ಒದ್ದೆಯಾಗಿತ್ತು. ಮೈಲವ್ವ ಮಾತ್ರ ಬಸಿಯಲ್ಲಿ ಸುರಿದುಕೊಂಡ ಚಹಾವನ್ನು ಊದುತ್ತ, “ಒಲಿ ಹತ್ತಿತ್ತೇನ್ರಿ?” ಎಂದಳು.

“ಇಲ್ಲ. ಕಟಿಗಿ ಹಸಿ.”

“ಮತ್ತ ಏನು ಉಣ್ಣಬೇಕ್ರಿ ಅವ? ಹಸಿ ಹಿಟ್ಟೇನು?”

ನಿವೇದಿತಾ ಚಪ್ಪಾಳೆ ಹೊಡೆದು ಎದ್ದು ನಿಂತಳು. “ನಾಕನೇದು! ನಾಕನೇದ ಸರಿ ಉತ್ತರ, ಮಮ್ಮಿ! ಮೈಲವ್ವ ಪಾಸ್!”

ಅತ್ತೆಗೆ ಸೋಲು ಒಪ್ಪಲು ಇಷ್ಟವಿರಲಿಲ್ಲ. “ಒಲಿ ಹತ್ತಿದ್ರೂ ಅವ ಉಣ್ಣತಿದ್ದಿಲ್ಲ, ಬರದುಕೊಡತೀನಿ ಬೇಕಾದ್ರ. ಎತ್ತು ಮಾರಿದಾವ್ಗ ಸಂಕಟ ಇರಂಗಿಲ್ಲೇನ?”

“ಇರಬೌದ್ರಿ ದೊಡ್ಡವ್ವಾರ, ನಾ ಯಾಕ ಇಲ್ಲ ಅನ್ನಲಿ. ಆದ್ರ ಅದ್ರಾಗ ಹಂಗಂತ ಐತೇನು? ಇಲ್ಲ. ಒಲಿ ಹತ್ತಿಲ್ಲ ಅಂತ ಐತಿ.” ಮೈಲವ್ವ ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಅಕ್ಕಾರ, ನಮ್ಮ ಕುರಿ, ಮಂದಿ ಕುರಿ ಕೆರಿ ಮ್ಯಾಲೆ ಒಮ್ಮೊಮ್ಮೆ ಕೂಡಿಬಿಡತಾವು. ಆವಾಗ ಜಗಳ ನೋಡಬೇಕ್ರಿ ನೀವು. ಒಬ್ಬ ಅಂತಾನ, ಇದು ನಂದ, ಇದರವ್ವನ ಮುಖ ಹಿಂಗ ಇತ್ತು. ಇನ್ನೊಬ್ಬ ಅಂತಾನ, ನಾ ಕರದ್ರ ಓಡಿ ಬರತೈತಿ, ನನ್ನ ಕೈಲೆ ಹಾಲು ಕುಡಿಸಿ ಬೆಳಸೀನಿ. ಅಳತಾರ, ಆಣಿ ಮಾಡತಾರ. ನಮ್ಮ ಹಿರ್ಯಾ ಒಂದೂ ಕೇಳಂಗಿಲ್ಲ. ‘ಕಿವಿ ತೋರ್ಸು’ ಅಂತಾನ. ನಮ್ಮ ಕುರಿಗೆ ಬಲಗಿವಿ ತುದಿ ಸೀಳಿರತೈತಿ, ಅವರ ಕುರಿಗೆ ಎಡಗಿವಿ ಅಂಚಿಗೆ ಕಚ್ಚು. ಗುರುತು ಇತ್ತು, ನಿಂದು. ಇಲ್ಲ, ಅತ್ರೂ ಬಿಡು. ಇಷ್ಟ ನ್ಯಾಯ.” ಸೆರಗಿನಿಂದ ಬಾಯಿ ಒರೆಸಿಕೊಂಡು, ಬೆಣ್ಣೆಯ ಪಾತ್ರೆ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಆಕೆ ಹೋದ ಮೇಲೆ ನಾನು ಹಳೆಯ ಪತ್ರಿಕೆಗಳನ್ನೆಲ್ಲ ಹರಡಿಕೊಂಡು, ತಪ್ಪಾದ ಒಂದೊಂದು ಉತ್ತರವನ್ನೂ ‘ಎಲ್ಲಿ, ನಿನ್ನ ಕಿವಿ ತೋರಿಸು’ ಎಂದು ಕೇಳುತ್ತ ಹೋದೆ. ಒಂದಕ್ಕೂ ಗುರುತಿಲ್ಲ! ಎಲ್ಲವೂ ನಾನು ಕೈಯಿಂದ ಹಾಲು ಕುಡಿಸಿ ಬೆಳೆಸಿದ ಮಂದಿ ಕುರಿಗಳೇ. ಒಬ್ಬ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ, ಏಕೆ? ‘ಮಲತಾಯಿಯ ಕಾಟ’ ಎಂದು ಗುರುತು ಹಾಕಿದ್ದೆ. ಗದ್ಯದಲ್ಲಿ ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ, ಮಲತಾಯಿ ಇರಲೇ ಇಲ್ಲ. ಹಳ್ಳಕ್ಕೆ ನೀರು ಬಂದಿತ್ತು ಎಂದು ಮೊದಲ ಸಾಲಿನಲ್ಲೇ ಇತ್ತು. ಪತ್ರಿಕೆ ಮಾಡಿದವರು ಉತ್ತರದ ಪಟ್ಟಿಯಲ್ಲಿ ಮಲತಾಯಿಯನ್ನು ಸುಮ್ಮನೆ ನಿಲ್ಲಿಸಿದ್ದರು, ನನ್ನಂಥವಳು ಬಂದು ಕೈಹಿಡಿದು ಕರೆದುಕೊಂಡು ಹೋಗಲಿ ಎಂದು. ಪಾಠ ಹೇಳುವ ಆಸೆಯಲ್ಲಿ ನಾನು ಎರಡು ವರ್ಷ ಗದ್ಯದಲ್ಲಿ ಬರೆದದ್ದನ್ನು ಓದದೆ, ಬರೆದವರ ಮನೆಯ ಕಷ್ಟಸುಖ ವಿಚಾರಿಸಿಕೊಂಡು ಬಂದಿದ್ದೆ.

ಅಂದಿನಿಂದ ಅಭ್ಯಾಸದ ರೀತಿಯೇ ಬದಲಾಯಿತು. ಯಾವ ಉತ್ತರ ಆರಿಸಿದರೂ ಗದ್ಯದಲ್ಲಿ ಅದರ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಗೆರೆ ಎಳೆಯಲು ಸಾಲು ಸಿಗದಿದ್ದರೆ, ಉತ್ತರ ಎಷ್ಟೇ ಮುದ್ದಾಗಿರಲಿ, ಬಿಡಬೇಕು. ನಿವೇದಿತಾ ಹಿರಿಯನ ಪಟ್ಟವನ್ನು ತಾನಾಗಿಯೇ ವಹಿಸಿಕೊಂಡಳು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಮೀಸೆ ತಿರುವುವ ಹಾಗೆ ಕೈ ಮಾಡಿ, “ಮಮ್ಮಿ, ಕಿವಿ ತೋರ್ಸು” ಎನ್ನುತ್ತಿದ್ದಳು. ಮೊದಲ ವಾರ ಬಿಡುವುದು ಕಷ್ಟವಾಯಿತು. ಒಬ್ಬ ವಿಧವೆಯ ತ್ಯಾಗವನ್ನು ಬಿಟ್ಟು ‘ಅಂಗಡಿ ಮುಚ್ಚಿತ್ತು’ ಎಂಬ ಉತ್ತರಕ್ಕೆ ಗುರುತು ಹಾಕುವಾಗ ಸಿಸ್ಟರ್ ಹಿಂದೆ ನಿಂತು ನಿಟ್ಟುಸಿರು ಬಿಟ್ಟ ಹಾಗಾಯಿತು. ಆದರೆ ಶನಿವಾರ ಹನ್ನೊಂದು ಬಂತು. ಹತ್ತನ್ನು ನೋಡಲೇ ಇಲ್ಲ, ನೇರವಾಗಿ ಹನ್ನೊಂದು! ಮುಂದಿನ ವಾರ ಹನ್ನೆರಡು. ನಂತರ ಹದಿಮೂರು. ಮಗಳು ಹೂವು ಬರೆಯುವುದನ್ನು ನಿಲ್ಲಿಸಿದಳು, ಸಮಾಧಾನ ಹೇಳುವ ಅಗತ್ಯ ಉಳಿದಿರಲಿಲ್ಲ.

ಆದರೆ ಔಷಧ ಮೈಗೆ ಹತ್ತಿದರೆ ಒಂದಿಷ್ಟು ಪಥ್ಯದ ತೊಂದರೆ ಇದ್ದದ್ದೇ. ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಪೈಪು ಮತ್ತು ಪಂಪ್‌ಸೆಟ್ಟಿನ ಅಂಗಡಿ. ಒಂದು ಮಧ್ಯಾಹ್ನ ಫೋನ್ ಮಾಡಿ, “ಮನ್ಯಾಗ ಊಟ ಐತೇನು?” ಎಂದು ಕೇಳಿದರು. “ಐತ್ರಿ” ಎಂದೆ. ಅರ್ಧ ಗಂಟೆಗೆ ಕೊಟ್ಟೂರಿನ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದು ಕೂತರು. ನಾನು ಒಂದೇ ತಟ್ಟೆ ತಂದಿಟ್ಟೆ.

“ಐತಿ ಅಂದಿ?” ಎಂದರು ಒಳಗೆ ಬಂದು, ಹಲ್ಲು ಕಚ್ಚಿ, ಮೆಲ್ಲಗೆ.

“ಐತಲ್ರಿ. ಎಷ್ಟು ಮಂದಿ ಅಂತ ನೀವು ಹೇಳಲಿಲ್ಲ.”

“ನಾ ಎಂದಾದ್ರೂ ಊಟ ಐತೇನು ಅಂತ ಫೋನ್ ಮಾಡಿ ಒಬ್ಬನ ಬಂದೀನೇನು?”

ನಿಜ, ಬಂದಿರಲಿಲ್ಲ. ಹಿಂದಿನ ನಾನಾಗಿದ್ದರೆ ಫೋನಿನ ಗಂಟೆ ಕೇಳಿದೊಡನೆ ಅರ್ಧ ಸೇರು ಅಕ್ಕಿ ತೊಳೆಯುತ್ತಿದ್ದೆ. ಆ ದಿನ ಅತ್ತೆಯವರೇ ಎದ್ದು ಉಪ್ಪಿಟ್ಟು ಮಾಡಿ ಮಾನ ಉಳಿಸಿದರು. ಇವರು ಮಾತ್ರ ಸಂಜೆ ಮಗಳಿಗೆ, “ಪರೀಕ್ಷಿ ಮುಗಿಯೋತನ ನಿಮ್ಮವ್ವನ ಹತ್ರ ವಕೀಲರನ್ನ ಕರಕೊಂಡು ಮಾತಾಡಬೇಕು” ಎಂದರು.

ಪರೀಕ್ಷೆ ಹೊಸಪೇಟೆಯಲ್ಲಿತ್ತು. ಹೊರಡುವಾಗ ಅತ್ತೆ ಅಂಗೈಗೆ ಮೊಸರು ಸಕ್ಕರೆ ಹಾಕಿ, “ಆದ್ರೂ ಆತು, ಆಗದಿದ್ರೂ ಆತು. ಮನಸಿಗೆ ಹಚ್ಚಿಗೋಬ್ಯಾಡ” ಎಂದರು. ಹೇಳುತ್ತಲೇ ಇನ್ನೊಂದು ಚಮಚ ಸಕ್ಕರೆ ಸುರಿದರು. ಆ ಮಾತಿಗೆ ಕಿವಿ ತೋರಿಸು ಎಂದು ನಾನು ಕೇಳಲಿಲ್ಲ. ಜೊತೆಗೆ ಬಂದವರು ನಮ್ಮ ಮನೆಯವರು. ಬಸ್ಸು ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಇವರು ಕಿಟಕಿಯ ಕಡೆ ನೋಡುತ್ತ, “ಮೂರನೇ ಕ್ಲಾಸಿನ ಹುಡುಗರು ಬಾಳ ಗದ್ದಲ ಮಾಡತಾವಂತ” ಎಂದರು. ಇನ್ನೂ ಪರೀಕ್ಷೆ ಬರೆದಿಲ್ಲ, ಇವರಾಗಲೇ ನನ್ನನ್ನು ಕ್ಲಾಸಿನಲ್ಲಿ ನಿಲ್ಲಿಸಿದ್ದರು. ನಮ್ಮ ಮನೆತನದಲ್ಲಿ ಧೈರ್ಯ ಹೇಳುವುದು ಹೀಗೆ.

ಇಂಗ್ಲಿಷ್ ಭಾಗದಲ್ಲಿ ಎರಡು ಗದ್ಯ. ಮೊದಲನೆಯದರಲ್ಲಿ ಒಬ್ಬ ಅಂಬಿಗ ಶಾಲೆಯ ಮಕ್ಕಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಏಕೆ? ‘ಅವನಿಗೆ ಮಕ್ಕಳಿರಲಿಲ್ಲ, ಅದಕ್ಕೆ’ ಎಂಬ ಉತ್ತರ ನಾಲ್ಕರಲ್ಲಿ ಎರಡನೆಯದಾಗಿ ಕೂತು ನನ್ನನ್ನೇ ನೋಡುತ್ತಿತ್ತು. ಅಯ್ಯೋ, ಎಂಥ ಉತ್ತರ! ಹಳೆಯ ನಾನು ಅದನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ. ‘ಕಿವಿ ತೋರಿಸು’ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ, ಮುಂದಿನ ಬೆಂಚಿನ ಹುಡುಗಿ ಗಾಬರಿಯಿಂದ ತನ್ನ ಓಲೆ ಮುಟ್ಟಿಕೊಂಡಳು. ಗದ್ಯದ ಮೂರನೆಯ ಸಾಲಿನಲ್ಲಿ ‘ದೋಣಿ ಶಾಲೆಯದು, ಅವನಿಗೆ ಸಂಬಳ ಶಾಲೆಯಿಂದ’ ಎಂದು ಸ್ಪಷ್ಟವಾಗಿ ಸೀಳಿದ ಕಿವಿ ಇತ್ತು. ಕಣ್ಣು ಮುಚ್ಚಿ ಅಂಬಿಗನ ಸಂತಾನಭಾಗ್ಯವನ್ನು ದೇವರಿಗೆ ಬಿಟ್ಟು, ಶಾಲೆಯ ದೋಣಿಗೆ ಗುರುತು ಹಾಕಿದೆ.

ಸರಿ ಉತ್ತರಗಳ ಪಟ್ಟಿ ಬಂದ ದಿನ ನಿವೇದಿತಾ ಫೋನು ಒಂದು ಕೈಯಲ್ಲಿ, ಕೆಂಪು ಪೆನ್ನು ಒಂದು ಕೈಯಲ್ಲಿ ಹಿಡಿದು ಎಣಿಸಿದಳು. ಎಣಿಸಿ, ಇನ್ನೊಮ್ಮೆ ಎಣಿಸಿ, “ಅಜ್ಜೀ! ಹದಿನೈದಕ್ಕೆ ಹದಿನಾಕು!” ಎಂದು ಕೂಗಿದ್ದು ಓಣಿಯ ಕೊನೆಯ ಶಾಲೆಗೂ ಕೇಳಿಸಿರಬೇಕು. ಕೆಲವು ವಾರಗಳ ನಂತರ ಫಲಿತಾಂಶವೂ ಬಂತು, ತೊಂಬತ್ತೈದು. ಐದು ಅಂಕ ಮಿಕ್ಕಿ ಪಾಸು! ಕಾರ್ಯದರ್ಶಿಗಳು ಈ ಸಲ ಸೀನದೆ, “ಜೂನ್ ಒಂದಕ್ಕ ಬಂದುಬಿಡ್ರಿ ಮೇಡಂ” ಎಂದರು. ಇವರು ಅಂಗಡಿಗೆ ಬಂದವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ಎದುರುಮನೆಯವರು ವಿಮೆಯ ಕಾಗದ ತಂದಾಗ ನಾನು ಪೆನ್ಸಿಲ್ ಹಿಡಿದು ಓದಿ, “ಇದರ ಅವಧಿ ಹೋದ ತಿಂಗಳಿಗೇ ಮುಗದೈತ್ರಿ, ನಾಳೆನ ವಿಮೆ ಆಫೀಸಿಗೆ ಹೋಗ್ರಿ” ಎಂದೆ. ಅವರು ಮೊದಲ ಸಲ ಗಾಬರಿಯಿಂದ ಹೋದರು, ಮೊದಲ ಸಲ ಕೆಲಸವೂ ಆಯಿತು. ಸೋಮವಾರ ಮೈಲವ್ವ ಬಂದಾಗ ಒಂದು ಸೀರೆ ಉಡಿಗಿಟ್ಟು, “ನಿನ್ನಿಂದ ಪಾಸಾದೆ ಮೈಲವ್ವ” ಅಂದೆ. ಆಕೆ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, “ನಂದೇನೈತ್ರಿ ಅಕ್ಕಾರ, ಕಿವಿ ಇದ್ದಲ್ಲೇ ಇತ್ತು, ನೀವು ಮುಖ ನೋಡತಿದ್ರಿ” ಅಂದಳು.

ಹೋದ ಆ ಒಂದು ಅಂಕದ ಕತೆ ಹೇಳದಿದ್ದರೆ ಮೋಸವಾದೀತು. ಎರಡನೆಯ ಗದ್ಯದಲ್ಲಿ ಒಬ್ಬ ಅಜ್ಜಿಯ ಮನೆಗೆ ದಾರಿಹೋಕ ಬಂದಿರುತ್ತಾನೆ. ಅವನು ಹೊರಡಲು ಏಳುತ್ತಲೇ ಅಜ್ಜಿ, ‘ಹೊರಡಪ್ಪ, ನಿನ್ನ ಊರು ದೂರ’ ಎನ್ನುತ್ತ ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಾಳೆ. ಅಜ್ಜಿಯ ಇಚ್ಛೆ ಏನು? ‘ಅವನು ಬೇಗ ಹೊರಡಲಿ’ ಎಂದು ಗುರುತು ಹಾಕಿ ಬಂದಿದ್ದೆ. ಅವಳೇ ಬಾಯಿಬಿಟ್ಟು ಹೇಳಿದ್ದಾಳಲ್ಲ! ತಪ್ಪು. ಪಾಸಾದ ಸಂಭ್ರಮಕ್ಕೆ ಗೋಧಿ ಹುಗ್ಗಿ ಮಾಡಿ ಎಲ್ಲರೂ ಊಟಕ್ಕೆ ಕೂತಾಗ ಇದನ್ನು ಅತ್ತೆಗೆ ಹೇಳಿದೆ.

“ಉಂಡು ಹೋಗಲಿ ಅಂತ!” ಎಂದರು ಅವರು, ಪ್ರಶ್ನೆ ಮುಗಿಯುವ ಮುಂಚೆಯೇ. “ಅಷ್ಟೂ ತಿಳಿಯಲಿಲ್ಲೇನ ನಿನಗ? ಕೈಯಾಗ ಅಕ್ಕಿ ಹಿಡಕೊಂಡು ನಿಂತಾಳ ಆಕಿ! ಬಾಯಿಗೇನು, ಏನರ ಅಂತೈತಿ.”

ನಮ್ಮ ಮನೆಯಲ್ಲಿ ಹದಿನೇಳು ವರ್ಷ ತಪ್ಪದೆ ಬರೆದ ಉತ್ತರವನ್ನೇ ಪರೀಕ್ಷೆಯಲ್ಲಿ ತಪ್ಪು ಬರೆದು ಬಂದಿದ್ದೆ. ಕಿವಿ ಅಲ್ಲಿಯೂ ಇತ್ತು, ಅಜ್ಜಿಯ ಮುಷ್ಟಿಯಲ್ಲಿ. ನಾನು ಬಾಯಿಯನ್ನೇ ನೋಡುತ್ತ ಕೂತಿದ್ದೆ. ನಾಚಿಕೆಯಾಯಿತು. ಹೋದ ಅಂಕವನ್ನು ಮನೆಯಲ್ಲಾದರೂ ಗಳಿಸಿಕೊಳ್ಳಬೇಕೆಂದು ಹುಗ್ಗಿಯ ಪಾತ್ರೆ ಹಿಡಿದು ಅತ್ತೆಯ ಮುಂದೆ ಬಗ್ಗಿದೆ.

“ಸಾಕವ್ವ” ಎಂದರು.

ಈ ಮಾತಿನ ಅರ್ಥ ನನಗೆ ಗೊತ್ತಿಲ್ಲವೆ! ನಗುತ್ತ, ಅವರ ಮುಖವನ್ನೇ ಪ್ರೀತಿಯಿಂದ ನೋಡುತ್ತ, ದೊಡ್ಡ ಸೌಟಿನ ತುಂಬ ಬಿಸಿ ಹುಗ್ಗಿ ಸುರಿದೆ. ಅದು ನೇರವಾಗಿ ಅವರ ಅಂಗೈಯ ಹಿಂಬದಿಗೆ ಬಿತ್ತು. ತಟ್ಟೆಯ ಮೇಲೆ ಕೈ ಅಡ್ಡ ಇಟ್ಟುಕೊಂಡೇ ಹೇಳಿದ್ದರು.

“ಮಮ್ಮೀ, ಕಿವಿ!” ಎಂದು ಕೂಗಿದಳು ನಿವೇದಿತಾ.

ಅತ್ತೆ ಕೈ ಝಾಡಿಸಿದರು, ನನ್ನನ್ನು ನೋಡಿದರು, ಬೆರಳಿನ ಸಂದಿಯ ಹುಗ್ಗಿಯನ್ನು ನಿಧಾನವಾಗಿ ನೆಕ್ಕಿದರು. ಆಮೇಲೆ, “ರುಚಿ ಏನೋ ಆಗೈತಿ ಬಿಡು” ಎಂದರು. ಇನ್ನೊಂದು ಸೌಟು ಹಾಕು ಎಂದೋ, ಪಾತ್ರೆ ಒಳಗೆ ಒಯ್ಯಿ ಎಂದೋ? ಶಿಕ್ಷಕಿಯಾಗಲು ಅರ್ಹತೆ ಪಡೆದವಳು ನಾನು, ಸೌಟು ಹಿಡಿದುಕೊಂಡು ಅವರ ಬಾಯಿ ನೋಡಿದೆ, ಕೈ ನೋಡಿದೆ, ತಟ್ಟೆ ನೋಡಿದೆ, ಮತ್ತೆ ಬಾಯಿ ನೋಡಿದೆ, ಹುಗ್ಗಿ ಆರಿಹೋಯಿತು.